ಬಣ್ಣಕ್ಕೆ ಚಿಕಿತ್ಸೆ ಬೇಕೆ?

‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಎಂಬ ಮಾತು ಕೇಳಿಬರದ ಮನೆ ನಮ್ಮ ನಾಡಿನಲ್ಲಿ ವಿರಳ. ಪ್ರಶಂಸೆಯಂತೆ ತೋರುವ ಈ ಮಾತಿನಲ್ಲಿ ‘ಆದರೂ’ ಎಂಬುದೇ ಮುಳ್ಳು. ಕನ್ಯೆಯನ್ನು ನೋಡಲು ಬಂದವರು ‘ಬಣ್ಣ ಸ್ವಲ್ಪ ಕಡಿಮೆ’ ಎಂದು ಹೇಳಿ ಹೋಗುತ್ತಾರೆ. ವಧೂವರರ ಜಾಹೀರಾತಿನಲ್ಲಿ ವಿದ್ಯೆಗೂ ಗುಣಕ್ಕೂ ಮೊದಲು ‘ಬೆಳ್ಳಗಿನ, ತೆಳ್ಳಗಿನ’ ಎಂಬ ವಿಶೇಷಣಗಳು ಅಚ್ಚಾಗುತ್ತವೆ. ಇದು ಕೇವಲ ಅಭಿರುಚಿಯ ವಿಷಯವಲ್ಲ, ಆರೋಗ್ಯದ ವಿಷಯವೂ ಹೌದೆಂಬುದು ನಮ್ಮ ಅಭಿಪ್ರಾಯ.

ಸಮಾಜವು ಬಿತ್ತಿದ ಕೀಳರಿಮೆಯನ್ನು ಮಾರುಕಟ್ಟೆಯು ಬೆಳೆಯಾಗಿ ಕೊಯ್ದಿದೆ. 1975ರಲ್ಲಿ ಭಾರತಕ್ಕೆ ಬಂದ ‘ಫೇರ್ ಆ್ಯಂಡ್ ಲವ್ಲಿ’ಯ ಜಾಹೀರಾತುಗಳು, ಮುಖ ಬೆಳ್ಳಗಾದರೆ ವರನೂ ಉದ್ಯೋಗವೂ ಒಲಿದು ಬರುವುದೆಂಬ ಭಾವನೆಯನ್ನು ದಶಕಗಳ ಕಾಲ ಬೆಳೆಸಿದವು. 2020ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಬಂದಿತು. ಹಂಬಲ ಮಾತ್ರ ಹಾಗೆಯೇ ಉಳಿಯಿತು. ಈಗ ಮೊಬೈಲಿನ ಕ್ಯಾಮೆರಾವೇ ಮುಖವನ್ನು ಬಿಳುಪಾಗಿಸಿ, ಗಲ್ಲವನ್ನು ತೆಳುವಾಗಿಸಿ ತೋರಿಸುತ್ತದೆ. ಆ ಚಿತ್ರವನ್ನು ಕಂಡ ಎಳೆಯ ಕಣ್ಣಿಗೆ ಕನ್ನಡಿಯೊಳಗಿನ ಸ್ವಂತ ಮುಖವೇ ಕೊರತೆಯಾಗಿ ಕಾಣತೊಡಗುತ್ತದೆ.

ಈ ಹಂಬಲಕ್ಕೆ ಚರ್ಮವು ಬೆಲೆ ತೆರುತ್ತದೆ. ಬೀಟಾಮೆಥಾಸೋನ್, ಮೊಮೆಟಾಸೋನ್‌ನಂತಹ ಸ್ಟೆರಾಯ್ಡ್ ಬೆರೆತ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಮೊದಮೊದಲು ಮುಖ ತಿಳಿಯಾದಂತೆ ತೋರುತ್ತದೆ. ಬಳಿಕ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಬಿಟ್ಟರೆ ಉರಿ ಹೆಚ್ಚುತ್ತದೆ. ಪಾದರಸ ಬೆರೆತ ಕ್ರೀಮುಗಳು ಮೂತ್ರಪಿಂಡಗಳನ್ನೇ ಕೆಡಿಸಬಲ್ಲವು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಪ್ರಕರಣಗಳನ್ನು ವೈದ್ಯರು 2023ರಲ್ಲಿ ಬೆಳಕಿಗೆ ತಂದರು.

ಶಾಸ್ತ್ರವೇನು ಹೇಳುತ್ತದೆ? ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಎಂಟು ಬಗೆಯ ನಿಂದಿತ ದೇಹಗಳನ್ನು ಎಣಿಸುವಾಗ ಅತಿಕೃಷ್ಣನೊಡನೆ ಅತಿಗೌರನನ್ನೂ ಸೇರಿಸಿದೆ. ಆದರೆ ಅಲ್ಲಿ ಚಿಕಿತ್ಸೆಯನ್ನು ವಿವರಿಸಿರುವುದು ಅತಿಸ್ಥೂಲ ಹಾಗೂ ಅತಿಕೃಶ ದೇಹಗಳಿಗೆ ಮಾತ್ರ, ಬಣ್ಣಕ್ಕಲ್ಲ. ಇಂದ್ರಿಯಸ್ಥಾನವು ಕೃಷ್ಣ, ಶ್ಯಾಮ, ಶ್ಯಾಮಾವದಾತ, ಅವದಾತ ಎಂಬ ನಾಲ್ಕನ್ನೂ ಸಹಜ ವರ್ಣಗಳೆಂದೇ ಹೇಳುತ್ತದೆ. ವಿಮಾನಸ್ಥಾನದಲ್ಲಿ ದೇಹವನ್ನು ಅಳೆಯುವುದು ಅವರವರ ಬೆರಳಿನಿಂದಲೇ, ನೆರೆಯವರ ಬೆರಳಿನಿಂದಲ್ಲ.

ನಮ್ಮ ವೃತ್ತಿಬಾಂಧವರಿಗೂ ಒಂದು ಮಾತು. ಶಾಸ್ತ್ರದಲ್ಲಿ ‘ವರ್ಣ್ಯ’ವೆಂದರೆ ಇರುವ ವರ್ಣಕ್ಕೆ ಕಾಂತಿ ನೀಡುವುದು, ಕಪ್ಪನ್ನು ಬಿಳುಪಾಗಿಸುವುದಲ್ಲ. ‘ಆಯುರ್ವೇದದಿಂದ ಗೌರವರ್ಣ’ ಎಂದು ಲೇಪಗಳನ್ನು ಮಾರುವುದು ಶಾಸ್ತ್ರಕ್ಕೆ ಬಗೆಯುವ ದ್ರೋಹ. ಗರ್ಭಿಣಿಯು ಕೇಸರಿಹಾಲು ಕುಡಿದರೆ ಕೆಂಪು ಮಗು ಹುಟ್ಟುವುದೆಂಬ ನಂಬಿಕೆಗೂ ಆಧಾರವಿಲ್ಲ. ಬಣ್ಣವು ವಂಶದಿಂದ ಬರುವ ಮೆಲನಿನ್‌ನ ಫಲ. ಅದು ಬಿಸಿಲಿನಿಂದ ಚರ್ಮವನ್ನು ಕಾಯುವ ಕವಚ.

ತೂಕ ಮಿತಿಮೀರಿದರೆ, ಅತಿಯಾಗಿ ಇಳಿದರೆ, ಮೈಬಣ್ಣ ಹಠಾತ್ತನೆ ಬದಲಾದರೆ ವೈದ್ಯರನ್ನು ಕಾಣಬೇಕು. ಸ್ಟೆರಾಯ್ಡ್ ಮುಲಾಮಿಗೆ ಒಗ್ಗಿಕೊಂಡವರು ಚರ್ಮವೈದ್ಯರ ಸಲಹೆಯಂತೆಯೇ ಅದನ್ನು ಬಿಡಬೇಕು. ಹುಟ್ಟಿನಿಂದ ಬಂದ ಬಣ್ಣಕ್ಕೆ ಮದ್ದು ಬೇಡ. ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಮನೆಯಲ್ಲಿ ಸಂಬಂಧ ನೋಡುವಾಗ ಬಣ್ಣದ ಪ್ರಶ್ನೆಯನ್ನು ಎತ್ತದಿರಿ, ಎತ್ತಿದವರನ್ನು ಹಿರಿಯರೇ ತಡೆಯಿರಿ. ಮಗಳು ಅದನ್ನು ಒಳಕೋಣೆಯಿಂದ ಕೇಳಿಸಿಕೊಳ್ಳುತ್ತಿರುತ್ತಾಳೆ.