ಮರಿ ಉಣ್ಣೆ, ಕುರಿ ಉಣ್ಣೆ ಮತ್ತು ನಮ್ಮ ಚುಚ್ಚೋ ಕಂಬಳಿ

ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಸ್ವೆಟರಿನ ಒಳಗಿನ ಚೀಟಿ ನೋಡಿ. ಕೆಲವದರಲ್ಲಿ ಬರೀ 'ವುಲ್' ಅಂತಿರತ್ತೆ, ಇನ್ನು ಕೆಲವದರಲ್ಲಿ 'ಲ್ಯಾಂಬ್ಸ್‌ವುಲ್'. ಎರಡನೆಯದಕ್ಕೆ ಮರ್ಯಾದೆ ಜಾಸ್ತಿ. ಅಲ್ಲೇ ನಿಂತು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕರಿ ಕಂಬಳಿಯ ಮಾತು ತೆಗೆದರೆ "ಅಯ್ಯೋ ಮಾರಾಯಾ, ಅದು ಚುಚ್ಚತ್ತೆ" ಅಂತಾರೆ. ಚುಚ್ಚತ್ತೆ, ಸುಳ್ಳಲ್ಲ. ಆದರೆ ಯಾಕೆ ಚುಚ್ಚತ್ತೆ ಅಂತ ಕೇಳೋರು ಕಡಿಮೆ.

ಮರಿಗೆ ಸುಮಾರು ಆರೇಳು ತಿಂಗಳಾದಾಗ ಮೊದಲ ಸಲ ಕತ್ತರಿಸಿದ್ದು ಮರಿ ಉಣ್ಣೆ. ಮಕ್ಕಳಿಗೆ ಜವಳ ತೆಗೆಸ್ತೀವಲ್ಲ, ಹಾಗೆ ಅನ್ನಿ. ಆ ಎಳೆಯ ಒಂದು ತುದಿ ಕತ್ತರಿಯನ್ನೇ ಕಂಡಿರಲ್ಲ, ನಯವಾಗಿ ಸಣ್ಣಗಾಗುತ್ತಾ ಹೋಗಿರತ್ತೆ. ಎರಡನೇ ಸಲದಿಂದ ಎರಡೂ ತುದಿ ಮೊಂಡು. ಬೆಳೆದ ಕುರಿಯ ಎಳೆ ದಪ್ಪವೂ ಹೌದು.

ಆದರೆ ಇದಕ್ಕಿಂತ ದೊಡ್ಡ ವ್ಯತ್ಯಾಸ ತಳಿಯದು. ಎಳೆ 30 ಮೈಕ್ರಾನ್ ದಾಟಿದರೆ ಚರ್ಮಕ್ಕೆ ಚುಚ್ಚೋಕೆ ಶುರು. ಮೆರಿನೋ ಕುರಿಯದು 24ರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ನಮ್ಮ ಕಡೆಯ ಡೆಕ್ಕನಿ ಕುರಿಯದು ಸಾಮಾನ್ಯವಾಗಿ 40ಕ್ಕಿಂತ ಜಾಸ್ತಿ. ಹಾಗಾಗಿ ಡೆಕ್ಕನಿ ಮರಿಯ ಉಣ್ಣೆ ಅದರ ತಾಯಿಯದಕ್ಕಿಂತ ಮೆತ್ತಗೆ ಇರತ್ತೆ ನಿಜ, ಮೆರಿನೋ ಸ್ವೆಟರ್ ಮಾತ್ರ ಆಗಲ್ಲ. ಆಗಬೇಕಾಗಿಯೂ ಇಲ್ಲ!

ಯಾಕಂದ್ರೆ ಕಂಬಳಿ ಹುಟ್ಟಿದ್ದು ಮೈಗೆ ಅಂಟಿಸಿಕೊಳ್ಳೋಕಲ್ಲ. ಹಿಂಜಿ, ನೂತು, ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಆ ಒರಟು ಬಟ್ಟೆ ಕುರುಬರಿಗೆ ಮಳೆಯಲ್ಲಿ ಕೊಪ್ಪೆ, ರಾತ್ರಿ ಅಡವಿಯಲ್ಲಿ ಹಾಸಿಗೆ, ಬೀರಪ್ಪನ ಪೂಜೆಯಲ್ಲಿ ಗದ್ದುಗೆ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ರಿಕ್ವೈರ್‌ಮೆಂಟೇ ಬೇರೆ ಇರೋವಾಗ ಅದನ್ನ ಬಗ್ ಅನ್ನೋದು ಸರಿಯಾ?

ಈ ತಪ್ಪು ಹೋಲಿಕೆಯ ಪೆಟ್ಟು ಕುರುಬರಿಗೆ ಬೀಳ್ತಿದೆ. ಹಿಡಕಲ್ ಅಣೆಕಟ್ಟಿನ ನೀರು ಬಂದ ಮೇಲೆ ಘಟಪ್ರಭಾ ಬಯಲೆಲ್ಲ ಕಬ್ಬು, ಮೇಯಿಸೋ ಜಾಗ ಕಡಿಮೆ. ಉಣ್ಣೆಗೆ ಬೆಲೆ ಇಲ್ಲ, ಮಾಂಸಕ್ಕಿದೆ. ಹಾಗಾಗಿ ಎಷ್ಟೋ ಟಗರು ಮರಿಗಳು ಮೂರು ನಾಲ್ಕು ತಿಂಗಳಿಗೇ ಸಂತೆಗೆ ಹೋಗ್ತವೆ. ಅಂದ್ರೆ ಮೊದಲ ಕತ್ತರಿ ಬೀಳೋ ಮುಂಚೆಯೇ! ಮಾಂಸದ ತಳಿಗಳ ಜೊತೆ ಸಂಕರ ಮಾಡಿ ಉಣ್ಣೆಯೇ ಕಡಿಮೆಯಾಗ್ತಿದೆ. ಉಳಿದ ಕುರಿಗಳ ಉಣ್ಣೆಯನ್ನ ಮಾರಲಿ ಬಿಡಲಿ ಕತ್ತರಿಸಲೇಬೇಕು. ಕತ್ತರಿಸಿದ್ದು ಹೊಲದಲ್ಲೇ ಬಿದ್ದು ಹೋಗೋದೂ ಉಂಟು.

ನನ್ನ ಪ್ರಕಾರ ದಾರಿ ಸರಳ. ಮರಿ ಉಣ್ಣೆಯನ್ನ ಬೇರೆ ತೆಗೆದಿಟ್ಟವರಿಗೆ ಹೆಚ್ಚು ಬೆಲೆ ಸಿಗಬೇಕು, ಅದರಿಂದ ಶಾಲು ಆಗಲಿ. ಕುರಿ ಉಣ್ಣೆ ಕಂಬಳಿಯಾಗಿ, ಜಮಖಾನೆಯಾಗಿ ಇರಲಿ. ಎರಡೂ ಒಂದೇ ಮೂಟೆಗೆ ಬಿದ್ದರೆ ಎರಡಕ್ಕೂ ಒರಟಿನ ಬೆಲೆಯೇ. ಕೊಳ್ಳೋರು ನಾವು "ಇದು ಮರಿದಾ, ಕುರಿದಾ?" ಅಂತ ಕೇಳೋಕೆ ಶುರು ಮಾಡಿದರೆ ಬೇರೆ ಮಾಡೋಕೆ ಅವರಿಗೂ ಒಂದು ಕಾರಣ ಸಿಗತ್ತೆ. ಚೌಕಾಸಿ ಮಾತ್ರ ಬೇಡ ಕಣ್ರೀ.. ಒಂದು ಕಂಬಳಿಯ ಹಿಂದೆ ಕತ್ತರಿಸೋರು, ನೂಲೋರು, ನೇಯೋರು ಅಂತ ಎಷ್ಟೊಂದು ಕೈ ಇರ್ತವೆ.

ಏನಂತೀರಾ? ನಿಮ್ಮ ಮನೆಯ ಅಟ್ಟದ ಮೇಲೆ ಮಡಚಿಟ್ಟ ಕಂಬಳಿ ಇದೆಯಾ? ಇದ್ದರೆ ಬಿಸಿಲಿಗೆ ಹಾಕಿ, ಮತ್ತೆ ಬಳಸಿ. ಕೆಳಗೆ ಹಾಸಿಕೊಂಡರೆ ಚುಚ್ಚಲ್ಲ :)