ಕಪ್ಪೆಯ ಮದುವೆಗೆ ಮಕ್ಕಳನ್ನೂ ಕರೆಯಿರಿ

2019ರ ಜೂನ್. ಮಳೆ ಕೈಕೊಟ್ಟಿತ್ತು. ಉಡುಪಿಯಲ್ಲಿ ಎರಡು ಕಪ್ಪೆಗಳನ್ನು ಹಿಡಿದು ತಂದು ಶಾಸ್ತ್ರೋಕ್ತವಾಗಿ ಮದುವೆ ಮಾಡಿಸಿದರು. ಜನ ಸೇರಿದರು, ಫೋಟೋ ಬಂತು. ಸಂತೋಷ.

ಆದರೆ ಕಪ್ಪೆಗಳ ಅಸಲಿ ಮದುವೆ ನಡೆಯುವುದು ಬೇರೆ ಕಡೆ. ಮುಂಗಾರಿನ ಮೊದಲ ಜೋರು ಮಳೆ ಬಿದ್ದ ರಾತ್ರಿ ಗದ್ದೆಯಲ್ಲಿ, ತೋಡಿನ ಬದಿಯಲ್ಲಿ, ಪಾದೆಯ ಮೇಲೆ ನಿಂತ ನೀರಿನಲ್ಲಿ. ಅಲ್ಲಿ ವಾಲಗದವರಿಲ್ಲ, ಮದುಮಗನೇ ಹಾಡಬೇಕು. ಒಂದೊಂದು ಜಾತಿಗೆ ಒಂದೊಂದು ದನಿ. ತನ್ನ ಜಾತಿಯ ದನಿ ಹಿಡಿದು ಹೆಣ್ಣು ಬರುತ್ತದೆ. ಗದ್ದೆಯ ದೊಡ್ಡ ಗಂಡು ಕಪ್ಪೆಯಂತೂ ಅರಶಿನ ಹಚ್ಚಿಕೊಂಡಂತೆ ಹಳದಿಯಾಗಿ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ.

ಈ ಮದುವೆಗೆ ಮಕ್ಕಳನ್ನು ಕರೆದೊಯ್ಯುವವರು ಯಾರು? ಪುಸ್ತಕದಲ್ಲಿ ಕಪ್ಪೆಯ ಚಿತ್ರವಿದೆ. ಬಣ್ಣ ಹಚ್ಚಿ ಮಾರ್ಕು ತಗೊಂಡದ್ದಾಯ್ತು. ಮನೆ ಹಿಂದೆ ಕೂಗುವುದು ಯಾವ ಕಪ್ಪೆ ಅಂತ ಕೇಳಿದರೆ ಮಾಸ್ಟ್ರೂ ಮೌನ!

ಮಕ್ಕಳನ್ನೇ ಯಾಕೆ ದೂರಬೇಕು? ಮಣಿಪಾಲದ ಸುತ್ತಿನ ಮುರಕಲ್ಲು ಪಾದೆಗಳಲ್ಲಿ ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಕಪ್ಪೆಯೊಂದು ಕೂಗುತ್ತಲೇ ಇತ್ತು. ಕೇಳಿದರೆ ಜೀರುಂಡೆ ಅನ್ನಬೇಕು, ಅಂಥ ದನಿ. ಅದು ಹೊಸ ಜಾತಿಯೆಂದು ಜಗತ್ತಿಗೆ ತಿಳಿದದ್ದು 2016ರಲ್ಲಿ. ವಿಜ್ಞಾನಿಗಳು ಮುರಕಲ್ಲಿನ ಹೆಸರನ್ನೇ ಅದಕ್ಕಿಟ್ಟರು.

ನಮ್ಮಲ್ಲಿ ಪಾದೆಯೆಂದರೆ ಪಾಳು ಜಾಗ. ಕಲ್ಲು ಕಡಿಯಬಹುದು, ಕಸ ಸುರಿಯಬಹುದು, ಸೈಟು ಮಾಡಬಹುದು. ಅಲ್ಲಿ ನಿಲ್ಲುವ ಗೇಣು ನೀರು ಯಾರ ತೊಟ್ಟಿಲೆಂದು ಬಲ್ಲ ಮಗು ನಾಳೆ ಪಂಚಾಯ್ತಿ ಮೆಂಬರಾದರೆ, ಕೈ ಎತ್ತುವ ಮುಂಚೆ ಒಂದು ಗಳಿಗೆ ಯೋಚಿಸೀತು.

ಇದು ಖರ್ಚಿನ ಬಾಬ್ತಲ್ಲ. ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಹೆಚ್ಚುಕಮ್ಮಿ ಒಟ್ಟಿಗೇ. ಒಂದು ಸಂಜೆ, ಜೊತೆಗೆ ಇಬ್ಬರು ದೊಡ್ಡವರು, ಎರಡು ಟಾರ್ಚು. ಕಾಲಿಗೆ ಬೂಟು ಇರಲಿ, ಕಪ್ಪೆ ಹುಡುಕಿಕೊಂಡು ಹಾವೂ ಬರುತ್ತದೆ. ಕಲ್ಲುಕೋರೆಯ ಹೊಂಡದ ಹತ್ತಿರ ಮಾತ್ರ ಬೇಡ. ಟಾರ್ಚು ಆರಿಸಿ ಹತ್ತು ನಿಮಿಷ ಸುಮ್ಮನೆ ಕೇಳಲಿ. ಹಿಡಿಯುವುದು ಬೇಡ, ಕಲ್ಲೆಸೆಯುವುದು ಬೇಡ. ಎಷ್ಟು ಬಗೆಯ ದನಿ ಕೇಳಿತು, ಬರೆದಿಡಲಿ. ಮುಂದಿನ ಮಳೆಗೆ ಅದೇ ಜಾಗದಲ್ಲಿ ನಿಂತು ತಾಳೆ ನೋಡಲಿ. ಒಂದು ದನಿ ಕಮ್ಮಿಯಾದರೆ, ಯಾಕೆ ಅಂತ ಮೊದಲು ಕೇಳುವವರು ಅವರೇ.

"ಮಕ್ಕಳಿಗೆ ಶೀತ ಆಗ್ತದೆ" ಅನ್ನುವ ತಾಯಂದಿರಿದ್ದಾರೆ. ಆದರೆ ಆಗಲಿ, ಶುಂಠಿ ಕಷಾಯವಿದೆ. ಕಡಿದು ಹೋದ ಪಾದೆಗೆ ಯಾವ ಕಷಾಯವೂ ಇಲ್ಲ.