ಅಕ್ಷರ ಅಳಿಸಿದರೆ ಕನ್ನಡ ಹಗುರಾಗದು

ಮಹಾಪ್ರಾಣಗಳನ್ನೂ ಋ, ಷ ಮುಂತಾದ ಅಕ್ಷರಗಳನ್ನೂ ಕನ್ನಡ ಬರಹದಿಂದ ಕೈಬಿಡಬೇಕೆಂಬ ವಾದಕ್ಕೆ ಗಟ್ಟಿ ನೆಲೆ ಒದಗಿಸಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು. ದೇಸಿ ಪದಗಳಲ್ಲಿ ಮಹಾಪ್ರಾಣ ತೀರ ವಿರಳ, ಬಹುಪಾಲು ಜನರ ಬಾಯಲ್ಲಿ ಅದು ಹೊರಡುವುದೂ ಇಲ್ಲ. ಇಷ್ಟು ನಿಜ. ‘ಬಾಷೆ’ ಎಂದ ಹಳ್ಳಿಯ ಹುಡುಗನನ್ನು ತರಗತಿಯಲ್ಲಿ ನಗೆಪಾಟಲು ಮಾಡುವುದು ಹೀನ ಕೆಲಸ ಎಂಬುದರಲ್ಲೂ ಎರಡು ಮಾತಿಲ್ಲ. ಆದರೆ ಆ ಅವಮಾನಕ್ಕೆ ಮದ್ದು ಅಕ್ಷರ ಅಳಿಸುವುದಲ್ಲ. ಬಾಯಲ್ಲಿಲ್ಲದ್ದು ಬರಹದಲ್ಲೂ ಬೇಡ ಎಂಬುದೇ ನಿಯಮವಾದರೆ ಹಕಾರವೂ ಉಳಿಯದು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಸೀಮೆಯಲ್ಲಿ, ಬೀಚನಹಳ್ಳಿಯ ಸುತ್ತಮುತ್ತ, ಹಾಲು ‘ಆಲು’ ಆಗುತ್ತದೆ, ಹಾವು ‘ಆವು’ ಆಗುತ್ತದೆ. ಅದನ್ನೇ ಬರಹಕ್ಕಿಳಿಸಲು ಧಾರವಾಡದವರೂ ಮಂಗಳೂರಿನವರೂ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ.

ಈ ಅಕ್ಷರಗಳ ವಾದದ ಹಿಂದಿರುವ ಸಂಸ್ಕೃತ–ಕನ್ನಡ ಬೆರಕೆಯ ಜಗಳ ಹಳೆಯದು. 12ನೇ ಶತಮಾನದ ಆರಂಭದಲ್ಲಿ ಕವಿ ನಯಸೇನ ಹಂಗಿಸಿದ್ದು ಆ ಬೆರಕೆಯನ್ನೇ. ಮುಂದೆ ಆಂಡಯ್ಯ ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ ಬರೆದು ಗೆದ್ದ. ಆ ಗೆಲುವು ದೊಡ್ಡದು. ಆದರೂ ಆ ದಾರಿಯಲ್ಲಿ ಒಂದು ಪರಂಪರೆ ಬೆಳೆಯಲಿಲ್ಲ. ಬೆಳೆದದ್ದು ಷಟ್ಪದಿ, ಸಾಂಗತ್ಯಗಳ ದಾರಿ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಅರಸು ಮೂರನೇ ಮಂಗರಸ 16ನೇ ಶತಮಾನದ ಆರಂಭದಲ್ಲಿ ತೀರ್ಥಂಕರ ನೇಮಿನಾಥನ ಚರಿತೆಯನ್ನು ಹಾಡಿಕೊಳ್ಳಬಲ್ಲ ಸಾಂಗತ್ಯದಲ್ಲಿ ಬರೆದ. ‘ಸೂಪಶಾಸ್ತ್ರ’ದಲ್ಲಿ ಅಡುಗೆಮನೆಯನ್ನೇ ವಾರ್ಧಕ ಷಟ್ಪದಿಗೆ ತಂದ. ವಸ್ತುವಿಗೆ ತಕ್ಕ ನುಡಿ, ನುಡಿಗೆ ತಕ್ಕ ಛಂದಸ್ಸು ಎಂಬುದು ಅವನ ವಿವೇಕ. ಅದಕ್ಕಾಗಿ ಅವನು ಯಾವ ಅಕ್ಷರವನ್ನೂ ಹೊರಹಾಕಲಿಲ್ಲ.

ರಷ್ಯನ್ನರಿಗೂ ಇದೇ ಪ್ರಶ್ನೆ ಎದುರಾಗಿತ್ತು. ದೊರೆ ಮೊದಲನೇ ಪೀಟರ್ 1708ರಲ್ಲಿ ಹೊಸ ಲಿಪಿರೂಪ ತಂದು ಕೆಲವು ಅಕ್ಷರಗಳನ್ನು ಕಡಿಮೆ ಮಾಡಿದ. ಆದರೆ ಸಾಹಿತ್ಯಭಾಷೆಗೆ ನೆಲೆ ಸಿಕ್ಕಿದ್ದು ಲಿಪಿಯಿಂದಷ್ಟೇ ಅಲ್ಲ. ಚರ್ಚಿನ ಸ್ಲಾವ್ ನುಡಿಯನ್ನು ವಿದ್ವಾಂಸ, ಕವಿ ಲೊಮೊನೊಸೊವ್ ಎಸೆಯದೆ, ಅದರ ಬೆರಕೆ ಎಷ್ಟಿರಬೇಕೆಂಬುದಕ್ಕೆ ತಕ್ಕಂತೆ ರಷ್ಯನ್ ಬರಹವನ್ನು ಮೂರು ಶೈಲಿಗಳಾಗಿ ವಿಂಗಡಿಸಿದ: ಮಹಾಕಾವ್ಯಕ್ಕೆ, ಪ್ರಗಾಥಕ್ಕೆ ಉನ್ನತ; ನಾಟಕ, ಪದ್ಯಪತ್ರಗಳಿಗೆ ಮಧ್ಯಮ; ಪ್ರಹಸನ, ಹಾಡುಗಳಿಗೆ ಆಡುಮಾತು. ಆ ಕಟ್ಟಳೆ ಅತಿ ಬಿಗಿಯಾಯಿತು, ಮುಂದಿನ ಕವಿಗಳು ಮುರಿದರು. ಮುರಿಯುವುದಕ್ಕೂ ಎರಡು ನುಡಿಗಳೂ ಕೈಯಲ್ಲಿರಬೇಕಿತ್ತು.

ಹಳಗನ್ನಡದ ಱ, ೞ ಬಿದ್ದುಹೋದವಲ್ಲ ಎಂಬುದು ಅಕ್ಷರ ಅಳಿಸುವವರ ಬಲವಾದ ಪ್ರಶ್ನೆ. ಅವು ಮೊದಲು ಮಾತಿನಿಂದ ಮರೆಯಾದವು, ಬಳಿಕ ಬರಹದಿಂದ. ಯಾರ ಅಪ್ಪಣೆಯೂ ಇರಲಿಲ್ಲ. ಮಹಾಪ್ರಾಣವನ್ನು ಉಚ್ಚರಿಸುವವರು ಇಂದಿಗೂ ಇದ್ದಾರೆ. ಪ್ರಾಸ ಬಿಡುವುದೂ ಅಕ್ಷರ ಬಿಡುವುದೂ ಒಂದೇ ಅಲ್ಲ. 1911ರಲ್ಲಿ ಕವಿ ಗೋವಿಂದ ಪೈ ದ್ವಿತೀಯಾಕ್ಷರ ಪ್ರಾಸ ಬಿಟ್ಟಾಗ ಹಳೆಯ ಯಾವ ಕಾವ್ಯವೂ ಓದುಗರಿಗೆ ದೂರವಾಗಲಿಲ್ಲ. ಆದರೆ ಅಕ್ಷರ ಬಿಟ್ಟರೆ ಪಂಪನಿಂದ ಕುವೆಂಪುವರೆಗಿನ ಪುಟಗಳನ್ನು ಓದಲು ಮಗು ಇನ್ನೊಂದು ಲಿಪಿಯನ್ನೇ ಕಲಿಯಬೇಕಾಗುತ್ತದೆ.

ಸಂಸ್ಕೃತವನ್ನು ತುರುಕಿದ ಪಠ್ಯಪುಸ್ತಕ, ಸರ್ಕಾರಿ ಸುತ್ತೋಲೆಗಳ ಭಾಷೆಯನ್ನು ಮೊದಲು ತಿಳಿಗೊಳಿಸಬೇಕು. ಅಲ್ಲಿ ಶಂಕರ ಭಟ್ಟರ ಮಾತಿಗೆ ಕಿವಿಗೊಡಲೇಬೇಕು. ಪ್ರಾಥಮಿಕ ತರಗತಿಗಳಲ್ಲಿ ಮಹಾಪ್ರಾಣ ತಪ್ಪಿದ್ದಕ್ಕೆ ಅಂಕ ಕಳೆಯುವುದು ನಿಲ್ಲಲಿ. ವರ್ಣಮಾಲೆ ಮಾತ್ರ ಇದ್ದ ಹಾಗೆಯೇ ಇರಲಿ.